ತಾತನ ಪುಸ್ತಕಕ್ಕೆ ಎರಡು ಉಚಿತ ಸಾಧನಗಳು: ನನ್ನ ಹೋಲಿಕೆ

ತಾತ ಬರೆದ ಊರಿನ ಚರಿತ್ರೆಯ ಒಂದೇ ಒಂದು ಪ್ರತಿ ನಮ್ಮ ಮನೆಯಲ್ಲಿ ಉಳಿದಿದೆ. ಮೊಳೆ ಅಚ್ಚಿನ ಪುಸ್ತಕ. ಹಾಳೆ ಮಗುಚಿದರೆ ಅಂಚು ಉದುರುತ್ತದೆ. ಅದನ್ನು ಯೂನಿಕೋಡ್ ಪಠ್ಯವಾಗಿಸಲು, ಅಂದರೆ ಕಂಪ್ಯೂಟರಿನಲ್ಲಿ ಹುಡುಕಲು, ತಿದ್ದಲು ಬರುವ ಅಕ್ಷರಗಳಾಗಿಸಲು, ಇಪ್ಪತ್ತು ಪುಟಗಳನ್ನು ಆರಿಸಿ, ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಎರಡು ಸಾಧನಗಳನ್ನು ಪರೀಕ್ಷಿಸಿದೆ. ಒಂದು, ದೊಡ್ಡ ಕಂಪನಿಯೊಂದು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಒದಗಿಸುವ ಸೇವೆ. ಇನ್ನೊಂದು ಟೆಸರಾಕ್ಟ್, ನಮ್ಮ ಕಂಪ್ಯೂಟರಿಗೇ ಹಾಕಿಕೊಳ್ಳುವ ಉಚಿತ ತಂತ್ರಾಂಶ.

ಟೆಸರಾಕ್ಟ್ ಕೂಡ ಕಂಪನಿಯೊಂದರ ಒಳಮನೆಯಲ್ಲೇ ಹುಟ್ಟಿದ್ದು. ಎಚ್‌ಪಿ ಸಂಸ್ಥೆಯ ಪ್ರಯೋಗಾಲಯದಲ್ಲಿ 1980ರ ದಶಕದ ನಡುವೆ ಶುರುವಾಗಿ, 1995ರಲ್ಲಿ ನೆವಾಡಾ ವಿಶ್ವವಿದ್ಯಾಲಯ ನಡೆಸಿದ ಪರೀಕ್ಷೆಯಲ್ಲಿ ಒಳ್ಳೆಯ ಹೆಸರು ಗಳಿಸಿತು. ಆದರೂ ಎಚ್‌ಪಿಯ ಯಾವ ಉತ್ಪನ್ನಕ್ಕೂ ಬಳಕೆಯಾಗದೆ ಹತ್ತು ವರ್ಷ ಮೂಲೆ ಸೇರಿತ್ತು. 2005ರಲ್ಲಿ ಅದರ ಮೂಲ ಸಂಕೇತವನ್ನೇ (ತಂತ್ರಾಂಶವನ್ನು ಬರೆದ ಸಾಲುಗಳನ್ನೇ) ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಮರುವರ್ಷದಿಂದ ಗೂಗಲ್ ಅದನ್ನು ಬೆಳೆಸಿತು. ಕನ್ನಡ ಆಮೇಲೆ ಬಂತು. ಬೀಗ ಹಾಕಿಯೇ ಇಟ್ಟಿದ್ದರೆ ಆ ಕೆಲಸವೆಲ್ಲ ಅಲ್ಲೇ ಧೂಳು ತಿನ್ನುತ್ತಿತ್ತು.

ಮೊದಲ ಸುತ್ತಿನಲ್ಲಿ ಆನ್‌ಲೈನ್ ಸೇವೆಯೇ ಮುಂದಿತ್ತು, ಅದರಲ್ಲಿ ಎರಡು ಮಾತಿಲ್ಲ. ಮೊಬೈಲಿನಲ್ಲಿ ತೆಗೆದ ಸೊಟ್ಟ ಚಿತ್ರವನ್ನೂ ಓದಿತು. ಟೆಸರಾಕ್ಟ್‌ಗೆ ಪುಟವನ್ನು 300 ಡಿಪಿಐನಲ್ಲಿ (ಒಂದು ಅಂಗುಲಕ್ಕೆ 300 ಚುಕ್ಕೆಗಳಷ್ಟು ಸ್ಪಷ್ಟವಾಗಿ) ನೇರವಾಗಿ ಸ್ಕ್ಯಾನ್ ಮಾಡಿ, ಆದೇಶಗಳನ್ನು ಟೈಪಿಸಿ ಕೊಡಬೇಕು. ಅಷ್ಟು ಮಾಡಿದರೂ ‘ಕಾರ್ಯ’ ಎಂಬುದು ‘ಕಾಯ೯’ ಆಗಿ ಬಂತು: ಅರ್ಕಾವೊತ್ತನ್ನು ಅದು ಕನ್ನಡದ ಒಂಬತ್ತು ಎಂದುಕೊಂಡಿತ್ತು. ಮಹಾಪ್ರಾಣದ ಸೀಳಿನಲ್ಲಿ ಮಸಿ ತುಂಬಿಕೊಂಡ ಕಡೆಯಲ್ಲೆಲ್ಲ ‘ಧನಸಹಾಯ’ ‘ದನಸಹಾಯ’ವಾಯಿತು.

ನನ್ನ ಅಭಿಪ್ರಾಯ ಬದಲಾದದ್ದು ಹನ್ನೊಂದನೆಯ ಪುಟದಲ್ಲಿ. ‘ಇಪ್ಪತ್ತು ಕೊಳಗ ಭತ್ತ’ ಎಂದು ತಾತ ಬರೆದದ್ದನ್ನು ಆನ್‌ಲೈನ್ ಸೇವೆ ‘ಇಪ್ಪತ್ತು ಕೊಳದ ಭತ್ತ’ ಎಂದು ಕೊಟ್ಟಿತ್ತು. ಕೊಳಗ ಧಾನ್ಯದ ಅಳತೆ. ಅದು ತಿಳಿಯದವರು ಆ ಸಾಲನ್ನು ಅನುಮಾನಿಸದೆ ಓದಿಕೊಂಡು ಹೋಗುತ್ತಾರೆ. ‘ಕಾಯ೯’ ಕಣ್ಣಿಗೆ ಚುಚ್ಚುತ್ತದೆ, ತಿದ್ದಬಹುದು. ಅರ್ಥವುಳ್ಳ ಪದದ ವೇಷದಲ್ಲಿ ಬಂದ ತಪ್ಪನ್ನು ಹಿಡಿಯಲು ಮೂಲದೊಡನೆ ಅಕ್ಷರ ಅಕ್ಷರ ತಾಳೆ ನೋಡಬೇಕು. ಅಳತೆ, ಮನೆತನ, ಗದ್ದೆಯ ಹೆಸರುಗಳೇ ತುಂಬಿರುವ ಪುಸ್ತಕದಲ್ಲಿ ಇದು ಸಣ್ಣ ವಿಷಯವಲ್ಲ. ಈ ತಪ್ಪನ್ನು ಸೇವೆಗೆ ತಿಳಿಸಿಕೊಡುವ ದಾರಿ ನನಗಿಲ್ಲ. ನಾಳೆಯೂ ಅದು ಹಾಗೇ ಓದಬಹುದು, ಬೇರೆ ರೀತಿಯಲ್ಲೂ ಓದಬಹುದು.

ಟೆಸರಾಕ್ಟ್‌ಗೆ ಕಲಿಸಬಹುದು. ಪುಸ್ತಕದ ನಾನೂರು ಸಾಲುಗಳನ್ನು ಒಂದೊಂದಾಗಿ ಚಿತ್ರವಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ಸರಿಯಾದ ಪಠ್ಯವನ್ನು ಟೈಪಿಸಿ ಜೋಡಿಸಿದೆ. ಎರಡು ವಾರದ ಸಂಜೆಗಳು ಅದಕ್ಕೇ ಹೋದವು. ಟೆಸರಾಕ್ಟ್‌ನಲ್ಲಿ ಮೊದಲೇ ಇರುವ ಕನ್ನಡ ಮಾದರಿಗೆ (ಕನ್ನಡ ಅಕ್ಷರಗಳನ್ನು ಓದಲು ಅದು ಕಲಿತಿಟ್ಟುಕೊಂಡದ್ದಕ್ಕೆ) ಇದರಿಂದ ಮರುತರಬೇತಿ ಕೊಡಲು ರಾತ್ರಿಯಿಡೀ ಲ್ಯಾಪ್‌ಟಾಪ್ ದುಡಿಯಿತು. ಬೆಳಿಗ್ಗೆ ಅದೇ ಪುಟ ಕೊಟ್ಟರೆ ‘ಕಾರ್ಯ’ ಕಾರ್ಯವಾಗಿಯೇ ಬಂತು. ಮಸಿ ತುಂಬಿದ ಮಹಾಪ್ರಾಣಗಳಲ್ಲಿ ಈಗಲೂ ಎಡವುತ್ತದೆ. ಅಲ್ಲಿ ಕಾಗದದ ಮೇಲೆಯೇ ಸೀಳು ಕಾಣುವುದಿಲ್ಲ.

ಒಂದೆರಡು ಪುಟದ ಅರ್ಜಿ, ಆಮಂತ್ರಣ, ಪತ್ರಿಕೆಯ ತುಣುಕು ಇದ್ದರೆ ನಾನು ಆನ್‌ಲೈನ್ ಸೇವೆಯನ್ನೇ ಬಳಸುತ್ತೇನೆ. ಖಾಸಗಿ ಪತ್ರಗಳನ್ನು ಮಾತ್ರ ಅದಕ್ಕೆ ಏರಿಸುವುದಿಲ್ಲ. ಇಡೀ ಪುಸ್ತಕಕ್ಕೆ, ಅದರಲ್ಲೂ ಹಳೆಯ ಅಚ್ಚಿಗೆ, ಟೆಸರಾಕ್ಟ್ ಎಂದೇ ಹೇಳುತ್ತೇನೆ. ಅದು ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ, ಕಲಿತದ್ದು ನನ್ನ ಬಳಿಯೇ ಒಂದು ಕಡತವಾಗಿ ಉಳಿಯುತ್ತದೆ.

ತಾತನ ಪುಸ್ತಕ ಅಚ್ಚಾದ ಮುದ್ರಣಾಲಯದಲ್ಲೇ, ಅದೇ ಮೊಳೆಗಳಲ್ಲಿ, ಪಕ್ಕದೂರಿನ ಗೆಳೆಯರೊಬ್ಬರ ಅಜ್ಜಿಯ ಹಾಡಿನ ಪುಸ್ತಕವೂ ಅಚ್ಚಾಗಿದೆಯಂತೆ. ಕಳೆದ ವಾರ ಟೆಸರಾಕ್ಟ್ ಕಲಿತ ಆ ಕಡತವನ್ನು ಅವರಿಗೆ ಕಳುಹಿಸಿದೆ. ಮೊದಲ ಪುಟದಲ್ಲಿ ಮೂರೇ ತಪ್ಪು ಬಂದವು ಎಂದು ಫೋನ್ ಮಾಡಿದ್ದರು.