ಬರಗಾಲದ ವರ್ಷದಲ್ಲಿ ತಿಂಗಳಿಗೆ ಎರಡು ಸಾವಿರ: ಗೃಹಲಕ್ಷ್ಮಿ ಸೇವೆಯ ವಿಮರ್ಶೆ

ಗೃಹಲಕ್ಷ್ಮಿಯನ್ನು ಚುನಾವಣೆಯ ಮಾತಾಗಿ ಹೊಗಳಿದವರೂ ಬಹಳ, ತೆಗಳಿದವರೂ ಬಹಳ. ಒಂದು ಸೇವೆ ಎಂದು ಅದನ್ನು ಅಳೆದು ನೋಡಿದವರು ಕಡಿಮೆ. ಊರಲ್ಲಿ ದುಡಿಮೆ ನಿಂತಾಗ ಸರ್ಕಾರ ಖಾತೆಗೆ ಹಾಕುವ ದುಡ್ಡು ಮನೆಯನ್ನು ಎಷ್ಟರ ಮಟ್ಟಿಗೆ ಹಿಡಿದು ನಿಲ್ಲಿಸುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡಿದ್ದೇವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಈ ಪರೀಕ್ಷೆ ತಾನಾಗಿಯೇ ನಡೆದುಹೋಯಿತು. ಯೋಜನೆಗೆ ಮೈಸೂರಿನಲ್ಲಿ ಚಾಲನೆ ಸಿಕ್ಕಿದ್ದು 2023ರ ಆಗಸ್ಟ್ 30ರಂದು. ಅದೇ ವರ್ಷ ಮುಂಗಾರು ಕೈಕೊಟ್ಟಿತು. ಸೆಪ್ಟೆಂಬರಿನಲ್ಲಿ 195 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾಯಿತು, ಮುಂದೆ ಆ ಸಂಖ್ಯೆ 236ರಲ್ಲಿ 223ಕ್ಕೆ ಏರಿತು. ತೊಗರಿ ಒಣಗಿತು, ಹಿಂಗಾರಿಯ ಬಿಳಿಜೋಳಕ್ಕೆ ಹಸಿ ಸಾಲಲಿಲ್ಲ, ಕಳೆ ತೆಗೆಯುವ ಕೂಲಿಯೂ ಇಲ್ಲವಾಯಿತು. ಆ ಹೊತ್ತಿಗೇ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬೀಳತೊಡಗಿತು.

ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಹಣ ನೆರವಾಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಎಷ್ಟು ಬಂತು ಎನ್ನುವಷ್ಟೇ ಯಾವ ತಾರೀಖಿಗೆ ಬಂತು ಎನ್ನುವುದೂ ಮುಖ್ಯ. ಸೇವೆ ಸೋಲುತ್ತಿರುವುದು ಆ ತಾರೀಖಿನಲ್ಲಿ.

ಮೊದಲು ಮೊತ್ತ. ಐದು ಜನರ ಮನೆ. ರೇಷನ್ ಅಕ್ಕಿ ಬರುತ್ತದೆ, ರೊಟ್ಟಿಗೆ ಜೋಳ ಕೊಳ್ಳಬೇಕು. ಜೋಳ ಕಿಲೋಗೆ 45 ಹಿಡಿದರೆ 20 ಕಿಲೋಗೆ 900. ಎಣ್ಣೆ ಎರಡು ಲೀಟರಿಗೆ 300, ತೊಗರಿಬೇಳೆ ಎರಡು ಕಿಲೋಗೆ 260, ಸಕ್ಕರೆ-ಚಹಾಪುಡಿಗೆ 200, ಸಾಬೂನು-ಪುಡಿಗೆ 150. ಒಟ್ಟು 1,810. ಉಳಿದ 190ರಲ್ಲಿ ಗಿರಣಿಯ ಬೀಸುವ ಕೂಲಿ, ಉಪ್ಪು, ಖಾರ. ಗ್ಯಾಸ್ ಸಿಲಿಂಡರ್ ಇದರೊಳಗೆ ಕೂರುವುದಿಲ್ಲ, ದವಾಖಾನೆಯ ಖರ್ಚಂತೂ ದೂರದ ಮಾತು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುವವರಿದ್ದಾರೆ. ಈ ಚೀಟಿಯನ್ನು ಇನ್ನೊಮ್ಮೆ ನೋಡಿ. ಒಂದು ತಿಂಗಳ ಕಿರಾಣಿ ಪೂರ್ತಿ ಇದರಲ್ಲಿದೆ. ಕೂಲಿ ಇಲ್ಲದ ತಿಂಗಳಲ್ಲಿ ಮನೆ ಉದ್ರಿ ಪುಸ್ತಕಕ್ಕೆ ಬೀಳುವುದು ಇದೇ ಸಾಮಾನಿಗೆ. ಆ ಪುಸ್ತಕದಲ್ಲಿ ಬಾಕಿ ಬೆಳೆಯದಿದ್ದರೆ ಅಂಗಡಿಯವನು ಮುಂದಿನ ತಿಂಗಳೂ ಸಾಮಾನು ಕೊಡುತ್ತಾನೆ, ಅವನೂ ಪೇಟೆಯ ಹೋಲ್‌ಸೇಲ್ ವ್ಯಾಪಾರಿಯ ಬಾಕಿ ತೀರಿಸುತ್ತಾನೆ. ಫ್ರಿಜ್ ಕೊಂಡ ಸುದ್ದಿ, ಹೋಳಿಗೆ ಊಟ ಹಾಕಿಸಿದ ಸುದ್ದಿ ಟಿವಿಯಲ್ಲಿ ಬಂದವು. ಆ ಸಂತೋಷವೂ ನಿಜವೇ. ಆದರೆ ಬರಗಾಲದಲ್ಲಿ ಈ ದುಡ್ಡು ಮಾಡಿದ ದೊಡ್ಡ ಕೆಲಸ ಉದ್ರಿ ಪುಸ್ತಕದ ಒಳಗೆ ನಡೆದಿದೆ, ಅದಕ್ಕೆ ಫೋಟೊ ಇಲ್ಲ.

ಬಡವರ ಕೈಗೆ ಹೋದ ದುಡ್ಡು ಊರೊಳಗೇ ತಿರುಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿದೆ. ಕೆನ್ಯಾದ ಸಿಯಾಯಾ ಪ್ರದೇಶದಲ್ಲಿ 653 ಹಳ್ಳಿಗಳನ್ನು ಸೇರಿಸಿ ನಡೆದ ಅಧ್ಯಯನದಲ್ಲಿ ಸುಮಾರು 10,500 ಬಡ ಕುಟುಂಬಗಳಿಗೆ ತಲಾ ಸುಮಾರು 1,000 ಡಾಲರ್ ಕೊಟ್ಟಿದ್ದರು. ಕೊಟ್ಟ ಒಂದೊಂದು ಡಾಲರಿಗೆ ಆ ಸೀಮೆಯ ಆರ್ಥಿಕ ಚಟುವಟಿಕೆ ಸುಮಾರು ಎರಡೂವರೆ ಡಾಲರಿನಷ್ಟು ಹೆಚ್ಚಿತು, ಬೆಲೆ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅಮೆರಿಕ 2020ರಲ್ಲಿ ಮಧ್ಯಮವರ್ಗವನ್ನೂ ಸೇರಿಸಿ ತಲಾ 1,200 ಡಾಲರಿನ ಚೆಕ್ ಕಳಿಸಿದಾಗ ಬಹುಪಾಲು ಉಳಿತಾಯಕ್ಕೂ ಹಳೆಯ ಸಾಲಕ್ಕೂ ಹೋಯಿತು. ಅಂಗಡಿಗಳೇ ಮುಚ್ಚಿದ್ದಾಗ ಖರ್ಚು ಮಾಡುವುದಾದರೂ ಎಲ್ಲಿ? ನಮ್ಮಲ್ಲಿ ಜೋಳ, ತರಕಾರಿ, ಬೀಸುವ ಕೂಲಿ, ಹೊಲಿಗೆ, ಮೊಟ್ಟೆ, ಇವಕ್ಕೆ ಕೊಟ್ಟ ದುಡ್ಡು ತಾಲ್ಲೂಕಿನೊಳಗೇ ಉಳಿಯುತ್ತದೆ. ಪ್ಯಾಕೆಟ್ ಎಣ್ಣೆ, ಮೊಬೈಲ್ ರೀಚಾರ್ಜ್, ಫೈನಾನ್ಸ್ ಕಂತಿಗೆ ಕೊಟ್ಟದ್ದು ಅವತ್ತೇ ಜಿಲ್ಲೆ ದಾಟುತ್ತದೆ.

ಆದರೆ ಬರಗಾಲದ ಆರ್ಥಿಕ ಹಿನ್ನಡೆ ಬೇರೆ ಹಿನ್ನಡೆಗಳ ಹಾಗಲ್ಲ. ಗಿರಾಕಿಯ ಕೈ ಖಾಲಿಯಾಗುವ ಹೊತ್ತಿಗೆ ಕಾಳೂ ಕಡಿಮೆಯಾಗುತ್ತದೆ, ದರ ಏರುತ್ತದೆ. ಆಗ ನಗದಿಗಿಂತ ಧಾನ್ಯ ವಾಸಿ. ಅನ್ನಭಾಗ್ಯದಲ್ಲಿ ಇದು ಎದ್ದು ಕಂಡಿತು. 2023ರ ಜುಲೈನಿಂದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಕಿಲೋಗೆ 34ರಂತೆ ತಲೆಗೆ 170 ರೂಪಾಯಿ ಬಂತು. ಆ 34ಕ್ಕೆ ಪೇಟೆಯಲ್ಲಿ ಉಣ್ಣುವಂಥ ಅಕ್ಕಿ ಸಿಗುತ್ತಿರಲಿಲ್ಲ. 2025ರ ಫೆಬ್ರುವರಿಯಿಂದ ದುಡ್ಡಿನ ಬದಲು ಅಕ್ಕಿಯನ್ನೇ ಕೊಟ್ಟದ್ದು ಸರಿಯಾದ ಬದಲಾವಣೆ.

ಈಗ ತಾರೀಖು. ಮೂರು ಕಂತು ತಡೆದು ಒಮ್ಮೆಗೇ 6,000 ಹಾಕಿದರೆ ಲೆಕ್ಕ ಸರಿಹೋಯಿತು ಎಂದು ಮೇಲಿನವರಿಗೆ ಅನ್ನಿಸಬಹುದು. ಮನೆಯ ಲೆಕ್ಕ ಬೇರೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಕೈಸಾಲ ತಂದು ಸಂಸಾರ ಸಾಗಿಸಿದ್ದರೆ ಮೊದಲ ಕಂತಿಗೆ 180, ಎರಡನೆಯದಕ್ಕೆ 120, ಮೂರನೆಯದಕ್ಕೆ 60, ಒಟ್ಟು 360 ಬಡ್ಡಿಗೇ ಹೋಯಿತು. ನೂರಕ್ಕೆ ಐದರ ದರವಾದರೆ 600. ಅಂದರೆ ಸರ್ಕಾರ ಕೊಟ್ಟದ್ದರಲ್ಲಿ ಹತ್ತನೇ ಒಂದು ಪಾಲು ಸಾಲ ಕೊಟ್ಟವನ ಮನೆಗೆ ಹೋಯಿತು. ವಾರದ ಕಂತಿನ ಮೈಕ್ರೋಫೈನಾನ್ಸ್ ಇದ್ದರಂತೂ ಕಷ್ಟ ಇಮ್ಮಡಿ: ಕಂತಿನ ದಿನ ಗುಂಪಿನ ಬೇರೆ ಹೆಣ್ಣುಮಕ್ಕಳ ಮುಂದೆ ತಲೆತಗ್ಗಿಸಿ ನಿಲ್ಲಬೇಕು. ವಸೂಲಿಯ ಕಿರುಕುಳ ಮಿತಿಮೀರಿ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ವಿಚಿತ್ರವೆಂದರೆ ಗೃಹಲಕ್ಷ್ಮಿಯ 2025ರ ಫೆಬ್ರುವರಿ, ಮಾರ್ಚ್ ಕಂತುಗಳೇ ಬಾಕಿ ಉಳಿದವು. ಆ ಮಾತು ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನದಲ್ಲಿ ಎದ್ದಿತು. ಯೋಜನೆ ನಡೆಸುವ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಆಗ ಸಚಿವೆಯಾಗಿದ್ದ ಲಕ್ಷ್ಮೀ ಹೆಬ್ಬಾಳಕರ ಬೆಳಗಾವಿ ಗ್ರಾಮೀಣ ಕ್ಷೇತ್ರದವರೇ. ಯೋಜನೆಗೆ 2025-26ರ ಬಜೆಟ್ಟಿನಲ್ಲಿ 28,608 ಕೋಟಿ ಇಟ್ಟಮೇಲೆ ಇಂಥ ತಾರೀಖಿಗೆ ಹಣ ಬೀಳುತ್ತದೆ ಎಂದು ಹೇಳಲು ಆಗಬೇಕು. ಪಗಾರದವರಿಗೆ ಆ ಭರವಸೆ ಇದೆ, ಇವರಿಗೂ ಇರಲಿ.

ಇದೇ ಬರಗಾಲದ ಇನ್ನೊಂದು ನಗದು ಸೇವೆ ಬೆಳೆ ಪರಿಹಾರ. ಅದನ್ನು ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಮಾತು ಸ್ಪಷ್ಟವಾಗುತ್ತದೆ. ಆಗಿನ ದರ ಒಣಬೇಸಾಯಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಹೆಚ್ಚೆಂದರೆ ಎರಡು ಹೆಕ್ಟೇರಿಗೆ. ಬೆಳೆ ಒಣಗಿದ್ದು 2023ರ ಆಗಸ್ಟ್-ಸೆಪ್ಟೆಂಬರಿನಲ್ಲಿ. 2,000 ರೂಪಾಯಿವರೆಗಿನ ಮೊದಲ ಕಂತು ಬಂದದ್ದು 2024ರ ಜನವರಿಯಲ್ಲಿ. ರಾಜ್ಯ ಕೇಳಿದ್ದು 18,171 ಕೋಟಿ; ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಏಪ್ರಿಲ್ ಕೊನೆಗೆ ಕೇಂದ್ರ 3,454 ಕೋಟಿ ಬಿಟ್ಟಿತು. ಮೊದಲು ಕೊಟ್ಟ 2,000 ಕಳೆದು ಉಳಿದದ್ದು ಮೇ ತಿಂಗಳಲ್ಲಿ ರೈತರ ಖಾತೆಗೆ ಬಂತು. ಅಷ್ಟರಲ್ಲಿ ಗುಳೇ ಹೋಗುವವರು ಗೋವಾಕ್ಕೋ ಮಹಾರಾಷ್ಟ್ರಕ್ಕೋ ಹೋಗಿಯಾಗಿತ್ತು, ಮೇವಿಲ್ಲದೆ ಎತ್ತು ಮಾರುವವರು ಮಾರಿಯಾಗಿತ್ತು. ದೊಡ್ಡ ಮೊತ್ತ ತಡವಾಗಿ ಬಂತು, ಸಣ್ಣ ಮೊತ್ತ ನಡುನಡುವೆ ಎಡವಿದರೂ ಬರುತ್ತಿತ್ತು. ಆ ಬೇಸಿಗೆ ದಾಟಿಸಿದ್ದು ಸಣ್ಣದೇ.

ಬೆಳೆ ಪರಿಹಾರದ ಇನ್ನೊಂದು ದೋಷ ಇದಕ್ಕಿಂತ ಕೆಟ್ಟದ್ದು. ಹಣ ಹೋಗುವುದು ಉತಾರದಲ್ಲಿ (ಪಹಣಿಯಲ್ಲಿ) ಹೆಸರಿದ್ದವನಿಗೆ. ಲಾವಣಿಗೆ ಹಿಡಿದೋ ಪಾಲಿಗೋ ಹೊಲ ಮಾಡಿ ಬೀಜ-ಗೊಬ್ಬರದ ನಷ್ಟ ಹೊತ್ತವನಿಗೆ ಒಂದು ರೂಪಾಯಿ ಇಲ್ಲ. ಉತಾರ ಇದ್ದವರಿಗೂ ಅಡಚಣೆ ಬರುವುದು ಮೂರು ಕಡೆ: ಫ್ರೂಟ್ಸ್ ಐಡಿಯಲ್ಲಿ (ಸರ್ಕಾರ ರೈತನಿಗೆ ಕೊಡುವ ನೋಂದಣಿ ಸಂಖ್ಯೆ) ಒಂದೆರಡು ಸರ್ವೆ ನಂಬರ್ ಸೇರಿಸದೆ ಬಿಟ್ಟಿರುವುದು, ಬೆಳೆ ಸಮೀಕ್ಷೆಯಲ್ಲಿ ತೊಗರಿ ಇದ್ದ ಹೊಲಕ್ಕೆ ಬೇರೆ ಬೆಳೆ ದಾಖಲಾಗಿರುವುದು, ತೀರಿಹೋದ ಅಪ್ಪನ ಹೆಸರಲ್ಲೇ ಜಮೀನಿನ ಖಾತೆ ಉಳಿದಿರುವುದು. ಮೊದಲಿನದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಉತಾರ, ಆಧಾರ್ ಕೊಟ್ಟು ಸೇರಿಸಬಹುದು. ಎರಡನೆಯದಕ್ಕೆ ಸಮೀಕ್ಷೆಯ ಆಕ್ಷೇಪಣೆ ಅವಧಿಯೊಳಗೇ ಹೇಳಬೇಕು. ಮೂರನೆಯದಕ್ಕೆ ವಾರಸಾ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಲೇಬೇಕು. ಬರ ಬಂದಮೇಲೆ ಓಡಾಡಿದರೆ ಕೆಲಸ ಆಗುವುದಿಲ್ಲ, ಮಳೆ ಚೆನ್ನಾಗಿರುವ ವರ್ಷದಲ್ಲೇ ಮುಗಿಸಿಟ್ಟಿರಬೇಕು.

ಗೃಹಲಕ್ಷ್ಮಿ ಹಣ ಬರದಿದ್ದರೆ ಎಲ್ಲಿಂದ ಹುಡುಕಬೇಕು? ಡಿಬಿಟಿ ಕರ್ನಾಟಕ ಆ್ಯಪಿನಿಂದ (ಡಿಬಿಟಿ ಎಂದರೆ ಖಾತೆಗೆ ನೇರ ಹಣ ವರ್ಗಾವಣೆ). ಆಧಾರ್ ಸಂಖ್ಯೆ, ಒಟಿಪಿ ಹಾಕಿ ಎಂಪಿನ್ (ಗುಪ್ತ ಸಂಖ್ಯೆ) ಮಾಡಿಕೊಂಡರೆ ಯಾವ ಯೋಜನೆಯ ಹಣ ಯಾವ ದಿನ ಯಾವ ಬ್ಯಾಂಕಿಗೆ ಹೋಯಿತು ಎಂದು ಕಾಣುತ್ತದೆ. ಅಲ್ಲಿ ಹಣ ಹೋಗಿದೆ ಎಂದಿದ್ದು ಪಾಸ್‌ಬುಕ್ಕಿನಲ್ಲಿ ಇಲ್ಲದಿದ್ದರೆ ಬೇರೆ ಬ್ಯಾಂಕಿನ ಖಾತೆ ನೋಡಿ. ಸರ್ಕಾರದ ಹಣ ಖಾತೆ ಸಂಖ್ಯೆ ನೋಡಿ ಹೋಗುವುದಿಲ್ಲ, ಆಧಾರ್ ನೋಡಿ ಹೋಗುತ್ತದೆ. ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ರಾಷ್ಟ್ರೀಯ ಸಂಸ್ಥೆ) ಪಟ್ಟಿಯಲ್ಲಿ ಒಂದು ಆಧಾರಿಗೆ ಒಂದೇ ಬ್ಯಾಂಕ್, ಕೊನೆಗೆ ಯಾವುದನ್ನು ಜೋಡಿಸಿದ್ದೀರೋ ಅದು. ಸಾಲಕ್ಕೆಂದು ಹೊಸ ಖಾತೆ ತೆರೆದಾಗ ಸಹಿ ಹಾಕಿದ ಫಾರ್ಮಿನಲ್ಲಿ ಈ ಒಪ್ಪಿಗೆಯೂ ಸೇರಿರಬಹುದು. ಹಾಗಿದ್ದರೆ ಮುಂದಿನ ತಿಂಗಳಿಂದ ಹಣ ಅಲ್ಲಿಗೆ ಹೋಗುತ್ತದೆ, ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆ’ ಎಂದು ಹೇಳಿ ಕಳಿಸಿದರೆ ಅಲ್ಲಿಗೇ ಬಿಡಬೇಡಿ. ಕೆವೈಸಿಗೆ ಆಧಾರ್ ಕೊಟ್ಟದ್ದು ಒಂದು, ಡಿಬಿಟಿಗೆ ಎನ್‌ಪಿಸಿಐ ಜೋಡಣೆ ಇನ್ನೊಂದು. ಎರಡನೆಯದು ಆಗಿದೆಯೇ ಎಂದು ಕೇಳಿ, ಆಗಿಲ್ಲದಿದ್ದರೆ ಒಪ್ಪಿಗೆ ಪತ್ರ ಕೊಟ್ಟು ಮಾಡಿಸಿ. ಮೈ-ಆಧಾರ್ ಜಾಲತಾಣದ ಬ್ಯಾಂಕ್ ಸೀಡಿಂಗ್ ಸ್ಥಿತಿಯಲ್ಲಿ ಬ್ಯಾಂಕಿನ ಹೆಸರು, ‘ಆ್ಯಕ್ಟಿವ್’ ಎರಡೂ ಕಾಣಬೇಕು. ಬ್ಯಾಂಕಿನ ಪಾಳಿ ಹತ್ತದೆ ಹೋದರೆ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆರೆಸಿ ಅದಕ್ಕೆ ಜೋಡಿಸುವುದು ಸುಲಭದ ದಾರಿ, ಪೋಸ್ಟ್‌ಮನ್ ಮನೆಗೇ ಬಂದು ಮಾಡಿಕೊಡುತ್ತಾರೆ.

ಉಳಿದ ತೊಡಕುಗಳಲ್ಲಿ ರೇಷನ್ ಕಾರ್ಡಿನ ಹೆಸರು ಆಧಾರಿಗೆ ಹೊಂದದಿರುವುದು ಸಾಮಾನ್ಯ. ಹೆಂಡತಿಯೋ ಗಂಡನೋ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರು ಎಂದು ದಾಖಲೆಯಲ್ಲಿ ಬಂದರೆ ಹಣ ನಿಲ್ಲುತ್ತದೆ. ಅದು ತಪ್ಪಾಗಿ ಬಂದಿದ್ದರೆ ದಾಖಲೆ ಸಮೇತ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ರಾಜ್ಯ ಸರ್ಕಾರದ ಸಹಾಯವಾಣಿ 1902ಕ್ಕೆ ದೂರು ದಾಖಲಿಸಿ ಅದರ ನಂಬರ್ ಬರೆದಿಟ್ಟುಕೊಳ್ಳಿ. ಮನೆಯ ಹಿರಿಯಳು ತೀರಿಕೊಂಡಾಗ ಹಣ ತಾನಾಗಿ ಸೊಸೆಗೆ ಬರುವುದಿಲ್ಲ. ಮೊದಲು ರೇಷನ್ ಕಾರ್ಡಿನಲ್ಲಿ ಮನೆಯೊಡತಿಯ ಹೆಸರು ಬದಲಾಗಬೇಕು, ಆಮೇಲೆ ಹೊಸ ಅರ್ಜಿ. ಹಳೆಯ ಖಾತೆಗೆ ಬೀಳುತ್ತಿರುವ ಹಣ ಎಟಿಎಂನಿಂದ ತೆಗೆಯುತ್ತಾ ಹೋದರೆ ಮುಂದೆ ವಸೂಲಿಗೆ ಬರುತ್ತಾರೆ. ಇನ್ನೊಂದು: ಜೋಳ ಕೊಯ್ದು, ಇಟ್ಟಂಗಿ ಹೊತ್ತು ಸವೆದ ಬೆರಳಿನ ಗುರುತು ಬಿಸಿನೆಸ್ ಕರೆಸ್ಪಾಂಡೆಂಟ್ (ಬ್ಯಾಂಕಿನ ಪರವಾಗಿ ಊರಲ್ಲೇ ಹಣ ಕೊಡುವವರು) ಯಂತ್ರಕ್ಕೆ ಹತ್ತುವುದಿಲ್ಲ. ಮತ್ತೆ ಮತ್ತೆ ಬೆರಳು ಒತ್ತಿಸಿ ‘ಆಗಲಿಲ್ಲ’ ಎಂದರೆ ಪ್ರತಿ ಸಲವೂ ಚೀಟಿ ಕೇಳಿ. ಹಣ ಹೋಗಿದ್ದೂ ‘ಆಗಲಿಲ್ಲ’ ಎನ್ನುವ ಸಂಭವ ಇದೆ.

ರಬಕವಿ-ಬನಹಟ್ಟಿ, ತೇರದಾಳ, ಬೆಳಗಾವಿಯ ವಡಗಾವಿ, ಖಾಸಬಾಗದ ಮಗ್ಗದ ಮನೆಗಳಲ್ಲಿ ಪ್ರಶ್ನೆಯೇ ಬೇರೆ. ಸೀರೆ ಮಾರಾಟವಾಗದೆ ಮಗ್ಗ ನಿಂತಾಗ ನೇಯುವವನ ಕೂಲಿ, ಕಂಡಿಕೆ ಸುತ್ತುವ ಹೆಂಗಸಿನ ಕೂಲಿ ಎರಡೂ ಒಟ್ಟಿಗೆ ನಿಲ್ಲುತ್ತವೆ. ಎರಡು ಸಾವಿರ ಒಲೆ ಹಚ್ಚುತ್ತದೆ, ಮಗ್ಗ ತಿರುಗಿಸುವುದಿಲ್ಲ. ಮಗ್ಗಕ್ಕೆ ಬೇಕಾದ್ದು ನೂಲಿನ ದರ ಹಿಡಿತದಲ್ಲಿರುವುದು, ಸರ್ಕಾರಿ ಸಮವಸ್ತ್ರದಂಥ ಆರ್ಡರ್. ಇಲ್ಲಿ ನಗದಿನಿಂದಲೇ ಎಲ್ಲ ಆಗುತ್ತದೆ ಎಂದು ಹೇಳಿದರೆ ಅದು ನೇಕಾರರಿಗೆ ಮಾಡುವ ಅನ್ಯಾಯ.

ಪಿಎಂ ಕಿಸಾನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ 13ನೇ ಕಂತು 2023ರ ಫೆಬ್ರುವರಿ 27ರಂದು ಬೆಳಗಾವಿಯಿಂದಲೇ ಬಿಡುಗಡೆಯಾಯಿತು. ವರ್ಷಕ್ಕೆ 6,000 ಮೂರು ಕಂತಿನಲ್ಲಿ, ನಾಲ್ಕು ತಿಂಗಳಿಗೊಮ್ಮೆ. ಬಿತ್ತನೆಗೆ ಸರಿಯಾಗಿ ಬಂದರೆ ಬೀಜಕ್ಕೆ ಆಸರೆ, ಭೂಮಿ ಇಲ್ಲದವರಿಗೆ ಏನೂ ಇಲ್ಲ. 2020ರ ಲಾಕ್‌ಡೌನಿನಲ್ಲಿ ಜನಧನ್ ಖಾತೆಯ ಮಹಿಳೆಯರಿಗೆ ತಿಂಗಳಿಗೆ 500ರಂತೆ ಮೂರು ತಿಂಗಳು ಕೊಟ್ಟದ್ದು ತೀರಾ ಕಡಿಮೆಯಾಯಿತು. ಆದರೆ ಖಾತೆ ಸಂಖ್ಯೆಯ ಕೊನೆಯ ಅಂಕಿ ನೋಡಿ ಯಾವ ದಿನ ಯಾರಿಗೆ ಎಂದು ಮೊದಲೇ ಸಾರಿದ್ದರು. ಆ ಪದ್ಧತಿ ಇಲ್ಲಿಗೂ ಬರಬೇಕು.

‘ದುಡ್ಡು ಕೊಟ್ಟು ಆಳು ಸಿಗದ ಹಾಗೆ ಮಾಡಿದರು’ ಎಂಬ ದೂರು ಹೊಲದ ಬದುವಿನಲ್ಲಿ ಕೇಳಿಬರುತ್ತದೆ. ದಿನಕ್ಕೆ 66 ರೂಪಾಯಿ ಬಂತೆಂದು ಯಾರೂ ಕೂಲಿ ಬಿಡುವುದಿಲ್ಲ. ತೀರಾ ಕಡಿಮೆ ಕೂಲಿಗೆ ‘ಬರುವುದಿಲ್ಲ’ ಎನ್ನುವ ಧೈರ್ಯ ಬಂದಿರಬಹುದು, ಅದನ್ನು ನಾವು ದೋಷ ಎನ್ನುವುದಿಲ್ಲ. ಇಷ್ಟು ಖರ್ಚು ಖಜಾನೆಗೆ ಭಾರ ಎಂಬ ಮಾತಿಗೆ ತೂಕವಿದೆ. ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಯ ಮೂರನೇ ಹಂತದ ಕಾಲುವೆಗಳಿಗಾಗಿ ಕಾಯುತ್ತಿರುವ ವಿಜಯಪುರ, ಬಾಗಲಕೋಟೆಯ ರೈತ ಆ ಕೋಟಿಗಳು ನೀರಾವರಿಗೆ ಹೋಗಲಿ ಎಂದರೆ ಅದು ತಪ್ಪಲ್ಲ. ಬರವೇ ಬಡಿಯದ ಹೊಲಕ್ಕೆ ಬರ ಪರಿಹಾರ ಬೇಕಿಲ್ಲ. ಆದರೆ ಕಾಲುವೆ ಬರುವವರೆಗೂ ಮನೆ ನಡೆಯಬೇಕು.

ಉದ್ಯೋಗ ಖಾತ್ರಿಯ ಕೂಲಿಯಿಂದ ಅಳೆದರೆ ಮೊತ್ತ ಕರಗುತ್ತಿರುವುದೂ ಗೊತ್ತಾಗುತ್ತದೆ. 2023-24ರಲ್ಲಿ ದಿನಗೂಲಿ 316 ಇದ್ದಾಗ 2,000 ಎಂದರೆ ಆರು ದಿನದ ದುಡಿಮೆಗಿಂತ ಹೆಚ್ಚು. 2025-26ರಲ್ಲಿ ಕೂಲಿ 370 ಆದಾಗ ಅದು ಐದೂವರೆ ದಿನಕ್ಕೂ ಕಡಿಮೆಯಾಯಿತು. ಎಲ್ಲ ತಿಂಗಳಿಗೂ ಏರಿಸಲು ಬೊಕ್ಕಸಕ್ಕೆ ಆಗದಿದ್ದರೆ ಬರ ಘೋಷಣೆಯಾದ ತಾಲ್ಲೂಕುಗಳಿಗೆ ಮಾತ್ರ, ಹೊಲದ ಕೆಲಸ ಇಲ್ಲದ ಮಾರ್ಚಿನಿಂದ ಮೇ ತನಕ, ಮೂರು ತಿಂಗಳು 2,000ದ ಬದಲು ತಿಂಗಳಿಗೆ 3,000 ಕೊಡಲಿ. ಒಂದು ಮನೆಗೆ ಹೆಚ್ಚುವರಿ ಖರ್ಚು ಬರ ಬಂದ ವರ್ಷದಲ್ಲಿ 3,000 ಮಾತ್ರ. ಖಾತೆ ಇದೆ, ಪಟ್ಟಿ ಇದೆ, ಹಣ ಹೋಗುವ ದಾರಿಯೂ ಇದೆ. ತಿಂಗಳ 5ನೇ ತಾರೀಖು ಎಂದು ಗೊತ್ತುಮಾಡಿ ಅದನ್ನು ಪ್ರತಿ ಅಂಗನವಾಡಿಯ ಗೋಡೆಗೆ ಬರೆಸಲಿ.