ನವೆಂಬರ್‌ನಲ್ಲಿ ಹಕ್ಕಿ ನೋಡಲು: ಚಿಕ್ಲಿಹೊಳೆಯೋ, ತಡಿಯಂಡಮೋಳೋ?

ಕೊಡಗಿನಲ್ಲಿ ಹಕ್ಕಿ ನೋಡಲು ಒಂದೇ ಬೆಳಿಗ್ಗೆ ಇದೆ, ಈ ಎರಡರಲ್ಲಿ ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀರಿ. ಸುಲಭವಾಗಿ ಹಕ್ಕಿ ಕಾಣುವುದು ಚಿಕ್ಲಿಹೊಳೆ ಜಲಾಶಯದಲ್ಲಿ. ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿಗಳನ್ನು ದಡದಲ್ಲೇ ನಿಂತು ನೋಡಬಹುದು. ದೂರದವನ್ನು ಗುರುತಿಸಲು ಮಾತ್ರ ಒಳ್ಳೆಯ ಬೈನಾಕ್ಯುಲರ್ ಬೇಕು.

ತಡಿಯಂಡಮೋಳ್ ಬೇರೆಯೇ ಲೋಕ. 1,748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ. ಇಲ್ಲಿನ ಶೋಲಾ ಕಾಡಿನಲ್ಲಿ, ಅಂದರೆ ಎತ್ತರದ ಬೆಟ್ಟಗಳ ಕಣಿವೆಯಲ್ಲಿ ಬೆಳೆಯುವ ಕುಳ್ಳ ಮರಗಳ ದಟ್ಟ ಕಾಡಿನಲ್ಲಿ, ಹಕ್ಕಿ ಮೊದಲು ಕಿವಿಗೆ ಸಿಗುತ್ತದೆ, ಆಮೇಲೆ ಕಣ್ಣಿಗೆ. ಹಲವು ಜಾತಿಯ ಸಣ್ಣ ಹಕ್ಕಿಗಳು ಗುಂಪಾಗಿ ಹುಳ ಹುಡುಕುತ್ತಾ ಬರುತ್ತವೆ. ಅರ್ಧ ಗಂಟೆ ಏನೂ ಇಲ್ಲ, ಆಮೇಲೆ ಒಂದೇ ಮರದಲ್ಲಿ ಎಲ್ಲವೂ! ಪಶ್ಚಿಮ ಘಟ್ಟದಲ್ಲಷ್ಟೇ ಇರುವ ಮಲಬಾರ್ ಬೂದು ಮಂಗಟ್ಟೆ (ಹಾರ್ನ್‌ಬಿಲ್) ಸಿಗುವ ಅವಕಾಶವೂ ಇಲ್ಲೇ ಜಾಸ್ತಿ. ಆದರೆ ಬೆಟ್ಟ ಹತ್ತಬೇಕು, ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ಜೊತೆಗೆ ಮಕ್ಕಳು, ವಯಸ್ಸಾದವರು ಇದ್ದರೆ ಜಲಾಶಯ. ಕಾಲಲ್ಲಿ ಕಸುವು, ಕಾಯುವ ತಾಳ್ಮೆ ಇದ್ದರೆ ಬೆಟ್ಟ.