14 ತಿಂಗಳು ಬಳಸಿದ ಮೇಲೆ: ಮನೆಯ 7.2 ಕಿಲೋವಾಟ್ ಸ್ಮಾರ್ಟ್ ಕಾರ್ ಚಾರ್ಜರ್

5ಕ್ಕೆ 3 ಸ್ಟಾರ್ ಕೊಡುತ್ತೇನೆ. ನಮ್ಮ ಮನೆ ಆಲ್ದೂರಿನ ಹತ್ತಿರ. ದಿನಾ ಚಿಕ್ಕಮಗಳೂರಿಗೆ ಹೋಗಿ ಬರಲು ಎಲೆಕ್ಟ್ರಿಕ್ ಕಾರು ಕೊಂಡಾಗ ಇದನ್ನೂ ಗೋಡೆಗೆ ಹಾಕಿಸಿದೆ.

ಮೊದಲ ವಾರ ಸಂಜೆ 7ಕ್ಕೆ ಬಂದವನೇ ಪೂರ್ತಿ 32 ಆಂಪಿಯರ್‌ಗೆ ಬಿಡುತ್ತಿದ್ದೆ. ಪಕ್ಕದ ಮನೆಯ ಅಜ್ಜಿ, "ಮಾರಾಯ, ನೀನು ಕಾರು ತಂದ ಮೇಲೆ ನಮ್ಮ ಮಿಕ್ಸಿ ತಿರುಗೋದೇ ಇಲ್ಲ ನೋಡು" ಅಂದರು. ಸುಮ್ನೆ ಹೇಳ್ತಾರೆ ಅಂದುಕೊಂಡೆ. ಲೈನ್‌ಮನ್ ಲೆಕ್ಕ ಬಿಡಿಸಿದ ಮೇಲೆ ಅರ್ಥವಾಯಿತು. ನಮ್ಮ ಟಿಸಿ, ಅಂದರೆ ಅಕ್ಕಪಕ್ಕದ ಮನೆಗಳಿಗೆಲ್ಲ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್, 25 ಕೆವಿಎ (ಹೆಚ್ಚುಕಡಿಮೆ ಕಿಲೋವಾಟ್ ಅಂತಲೇ ಇಟ್ಟುಕೊಳ್ಳಿ). ಮೂರು ಫೇಸಿಗೆ ಹಂಚಿದರೆ ಒಂದಕ್ಕೆ 8.3. ಮನೆಗೆ ತ್ರೀ ಫೇಸ್ ಇದ್ದರೂ ಈ ಚಾರ್ಜರ್ ಎಳೆಯುವುದು ಒಂದರಿಂದಲೇ. ನನ್ನ ಕಾರೇ 7 ತಿಂದರೆ ಬೇರೆಯವರಿಗೇನು ಉಳಿಯುತ್ತದೆ, ಅಲ್ವಾ?

ಈಗ ರಾತ್ರಿ 11ಕ್ಕೆ ಶುರು, 10 ಆಂಪಿಯರ್ ಮಾತ್ರ. 230 ವೋಲ್ಟ್ ಇದ್ದರೆ ಗಂಟೆಗೆ 2.3 ಯೂನಿಟ್. ನನ್ನ ಓಡಾಟಕ್ಕೆ ಮೂರು ಗಂಟೆ ಸಾಕು. 7.2 ಕಿಲೋವಾಟ್‌ಗೆ ದುಡ್ಡು ಸುರಿದದ್ದು ದಂಡ. ಇನ್ನೊಮ್ಮೆ ಕೊಳ್ಳುವುದಾದರೆ 3.3ರದ್ದೇ.

ಆದರೆ ಚಾರ್ಜರ್ ಜೊತೆಗಿನ ಸಿಟಿ (CT) ಬಳೆ ಬೇಕೇ ಬೇಕು. ಮೀಟರ್ ಪಕ್ಕದ ವೈರಿಗೆ ಸಿಕ್ಕಿಸುವ ಈ ಸಣ್ಣ ಬಳೆ ಮನೆಗೆ ಎಷ್ಟು ಕರೆಂಟ್ ಹೋಗುತ್ತಿದೆ ಎಂದು ಅಳೆದು ಚಾರ್ಜರ್‌ಗೆ ತಿಳಿಸುತ್ತಿರುತ್ತದೆ. ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗಿ ಬಂದ ದಿನ ಬೆಳಗಿನವರೆಗೂ ಚಾರ್ಜ್ ಆಗುತ್ತಿರುತ್ತದೆ. ಆಗ ಗೀಸರ್ ಹಾಕಿದರೆ ಕಾರಿನ ಪಾಲು 6 ಆಂಪಿಯರ್‌ಗೆ ಇಳಿಯುತ್ತದೆ. ಅದಕ್ಕಿಂತ ಕಡಿಮೆಗೆ ಚಾರ್ಜಿಂಗ್ ನಡೆಯುವುದಿಲ್ಲ. ಮೋಟರ್ ಕೂಡ ಹಾಕಿದರೆ ಪೂರ್ತಿ ನಿಂತು, ಆಮೇಲೆ ತಾನೇ ಶುರುವಾಗುತ್ತದೆ. ಒಮ್ಮೆಯೂ ಫ್ಯೂಸ್ ಹೋಗಿಲ್ಲ.

ಬಳೆಗೆ ಕಾಣುವುದು ನಮ್ಮನೆ ಮಾತ್ರ, ಟಿಸಿ ಅಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆಂದು ತೋಟದವರು ಸ್ಪ್ರಿಂಕ್ಲರ್ ಹಾಕುತ್ತಾರಲ್ಲ, ಆಗ ವೋಲ್ಟೇಜ್ 185ಕ್ಕೆ ಬಿದ್ದರೂ ಇದು ತನ್ನ ಪಾಡಿಗೆ 10 ಆಂಪಿಯರ್ ಎಳೆಯುತ್ತಿರುತ್ತದೆ. ನಾನೇ ನೋಡಿ ತಗ್ಗಿಸಬೇಕು.

ಜಾಸ್ತಿ ಸಿಟ್ಟು ಬರುವುದು ಮಳೆಗಾಲದಲ್ಲಿ. ಮರ ಬಿದ್ದು ಕರೆಂಟ್ ಹೋಗಿ ಬಂದರೆ, ವೈಫೈ ಏಳುವ ಮೊದಲೇ ಚಾರ್ಜರ್ ಎದ್ದು, ಟೈಮಿಂಗ್ ಮರೆತು, ತಕ್ಷಣ ಎಳೆಯಲು ಶುರು ಮಾಡುತ್ತದೆ. ಊರಿನ ಫ್ರಿಜ್ಜು, ಮೋಟರ್ ಎಲ್ಲ ಒಟ್ಟಿಗೆ ಏಳುವ ಹೊತ್ತೂ ಅದೇ. ಬ್ರಿಟನ್‌ನಲ್ಲಿ 2022ರಿಂದ ಮನೆಗೆ ಹಾಕುವ ಹೊಸ ಚಾರ್ಜರ್‌ಗಳು ಎಲ್ಲ ಒಟ್ಟಿಗೆ ಏಳದೆ, ಒಂದೊಂದೂ ಬೇರೆ ಬೇರೆ ಹೊತ್ತು, ಮಾಮೂಲಿಯಾಗಿ 10 ನಿಮಿಷದವರೆಗೆ, ತಡವಾಗಿ ಶುರುವಾಗುವಂತಿರಬೇಕು ಎಂಬ ನಿಯಮವಿದೆ. ಇದರಲ್ಲಿ ಆ ಆಯ್ಕೆಯೇ ಇಲ್ಲ. ಕಂಪನಿಯವರು "ಅಪ್‌ಡೇಟ್ ಬರುತ್ತೆ ಸರ್" ಎಂದು ಐದು ತಿಂಗಳಾಯಿತು. ಗಾಳಿ ಜೋರಾದ ರಾತ್ರಿ ಚಾರ್ಜರ್‌ನ ಎಂಸಿಬಿ ಸ್ವಿಚ್ಚನ್ನೇ ಇಳಿಸಿ ಮಲಗುತ್ತೇನೆ.